ಜೇನಿಗೆ ಹೂವು ನೆಟ್ಟೆವು, ನೆಲದ ದುಂಬಿಗೆ ಸಿಮೆಂಟು ಹಾಸಿದೆವು

ಮೇ ತಿಂಗಳಲ್ಲಿ ಒಂದು ಜೋರು ಮಳೆ ಬಿದ್ದು ನಿಂತ ರಾತ್ರಿ. ಯಲಹಂಕದಿಂದಾಚೆ ಇರುವ ನಮ್ಮ ಅಪಾರ್ಟ್‌ಮೆಂಟಿನ ಗೇಟಿನ ಹತ್ತಿರ ಸೆಕ್ಯೂರಿಟಿಯವರು ಒಂದು ಕಾಲಿನ ಚಪ್ಪಲಿ ಕೈಯಲ್ಲಿ ಹಿಡಿದು ನಿಂತಿದ್ದರು. ಅವರ ಮುಂದೆ ಹೆಬ್ಬೆರಳಿನಷ್ಟು ದೊಡ್ಡ ಕಪ್ಪು ಹುಳ. ಕತ್ತಿನ ಮೇಲೆ ಎರಡು, ಬೆನ್ನಿನ ಚಿಪ್ಪಿನ ಮೇಲೆ ನಾಲ್ಕು, ಸುಣ್ಣದ ಬೊಟ್ಟಿಟ್ಟ ಹಾಗೆ ಬಿಳಿ ಚುಕ್ಕಿ. "ಕಚ್ತದಾ ಸಾರ್ ಇದು?" ಅಂದರು. ಕಚ್ಚೋದು ಬಿಡಿ, ಮುಖ ಹತ್ತಿರ ತರಬೇಡಿ ಅನ್ನುವಷ್ಟರಲ್ಲಿ ಅವರು ಚಪ್ಪಲಿಯ ತುದಿಯಿಂದ ಅದನ್ನು ತಳ್ಳಿಯಾಗಿತ್ತು. ಹಿಂಬದಿಯಿಂದ ಏನೋ ಚಿಮ್ಮಿತು, ಮೂಗಿಗೆ ಅಡರುವ ಹುಳಿ ವಾಸನೆ ಎದ್ದಿತು. ಫಾರ್ಮಿಕ್ ಆಮ್ಲ. ಮಾವಿನ ಮರದ ಚಿಗಳಿ ಇರುವೆಯನ್ನು ಹಿಸುಕಿದರೆ ಬರುತ್ತದಲ್ಲ, ಅದೇ ವಾಸನೆ, ಅದಕ್ಕಿಂತ ಖಾರ. ಹುಳ ಉದ್ದನೆಯ ಕಾಲು ಬಿಚ್ಚಿ ಓಡಿತು. ಪೇವರ್ ಬ್ಲಾಕಿನ ಅಂಚಿಗೆ ಹೋಯಿತು, ಗೋಡೆಯುದ್ದಕ್ಕೂ ಹೋಯಿತು, ಎಲ್ಲೂ ಮಣ್ಣು ಸಿಗದೆ ಅದೇ ದಾರಿಯಲ್ಲಿ ವಾಪಸ್ ಬಂತು.

ಅದೇ ವಾರ ಎಂಟನೇ ಮಹಡಿಯ ಸಜ್ಜಾದ ಕೆಳಗೆ ಹೆಜ್ಜೇನು ಕಟ್ಟಿತ್ತು. ವಾಟ್ಸ್ಯಾಪ್ ಗುಂಪಿನಲ್ಲಿ ಮೂರು ದಿನ ಜಗಳ. ಮಕ್ಕಳಿಗೆ ಕಚ್ಚಿದರೆ ಯಾರು ಜವಾಬ್ದಾರಿ ಅಂತ ಒಬ್ಬರು. ಪೆಸ್ಟ್ ಕಂಟ್ರೋಲ್‌ನವರು ಹೊಗೆ ಹಾಕಿ ಸಾಯಿಸುತ್ತಾರೆ, ಅದು ಪಾಪ ಅಂತ ಇನ್ನೊಬ್ಬರು. ಜೇನು ಇಲ್ಲವಾದರೆ ಮನುಷ್ಯ ನಾಲ್ಕೇ ವರ್ಷ ಬದುಕುತ್ತಾನೆಂದು ಐನ್‌ಸ್ಟೈನ್ ಹೇಳಿದ್ದಾರೆ ಎಂಬ ಫಾರ್ವರ್ಡೂ ಬಂತು. ಐನ್‌ಸ್ಟೈನ್ ಹಾಗೆ ಹೇಳಿದ್ದಕ್ಕೆ ಯಾವ ದಾಖಲೆಯೂ ಇಲ್ಲ, ಅದಿರಲಿ. ಕೊನೆಗೆ ಹೆಜ್ಜೇನು ಉಳಿಯಿತು. ಹೂವಿನ ಕಾಲ ಮುಗಿದರೆ ಅದು ತಾನಾಗಿಯೇ ಎದ್ದುಹೋಗುತ್ತದೆ, ಅಲ್ಲಿಯವರೆಗೆ ಆ ಬಾಲ್ಕನಿಯ ದೀಪ ಹಾಕಬೇಡಿ ಎಂದು ತೀರ್ಮಾನವಾಯಿತು. ಒಳ್ಳೆಯ ತೀರ್ಮಾನವೇ. ಗೇಟಿನ ಹತ್ತಿರದ ಆರು ಚುಕ್ಕಿಯ ಹುಳದ ವಿಷಯ ಮಾತ್ರ ಯಾವ ಗುಂಪಿಗೂ ಬರಲಿಲ್ಲ.

ಎರಡೂ ಕೀಟ, ಎರಡೂ ಉಪಕಾರಿ, ಎರಡೂ ಇದೇ ಊರಿನ ಹಳೆಯ ನಿವಾಸಿಗಳು. ಒಂದನ್ನು ಉಳಿಸಬೇಕೆಂಬ ತಿಳಿವಳಿಕೆ ಬೆಂಗಳೂರಿಗೆ ಬಂದಿದೆ. ಇನ್ನೊಂದು ಇದೆ ಎಂಬುದೇ ಗೊತ್ತಿಲ್ಲ. ಇದರಲ್ಲಿ ಮರೆವಿಗಿಂತ ದೊಡ್ಡ ಸಮಸ್ಯೆಯೊಂದಿದೆ: ಜೇನಿಗಾಗಿ ನಾವು ಕಲಿತ ಕೆಲವು ಒಳ್ಳೆಯ ಅಭ್ಯಾಸಗಳು ನೆಲದ ಮೇಲೆ ಓಡಾಡುವ ಈ ಬೇಟೆಗಾರನಿಗೆ ಏನೂ ಮಾಡುವುದಿಲ್ಲ, ಒಂದೆರಡು ಅದನ್ನೇ ಕೊಲ್ಲುತ್ತವೆ.

ಮೊದಲು ಹೆಸರಿನ ಗೋಜಲು ಬಿಡಿಸಿಕೊಳ್ಳೋಣ. ಕನ್ನಡದ ಕಾವ್ಯದಲ್ಲಿ ದುಂಬಿ ಅಂದರೆ ಹೂವಿಂದ ಹೂವಿಗೆ ಝೇಂಕರಿಸುವ ಕಪ್ಪು ಜೀವ, ಅಂದರೆ ಮರದ ತೊಲೆ ಕೊರೆದು ಗೂಡು ಮಾಡುವ ಬಡಗಿ ಜೇನು. ಕೃಷಿ ಇಲಾಖೆಯ ಕರಪತ್ರದಲ್ಲಿ ದುಂಬಿ ಅಂದರೆ ಗಟ್ಟಿ ಚಿಪ್ಪಿನ ಹುಳ. ತೆಂಗಿನ ಸುಳಿ ಕೊರೆಯುವ ಕುರುವಾಯಿ ದುಂಬಿಯ ಹಾಗೆ. ನಾನು ಇಲ್ಲಿ ನೆಲದ ದುಂಬಿ ಎನ್ನುವುದು ಎರಡನೆಯ ಅರ್ಥದಲ್ಲಿ. ವಿಜ್ಞಾನಿಗಳು ಕ್ಯಾರಾಬಿಡೆ ಎಂದು ಕರೆಯುವ ಕುಟುಂಬ ಇದು, ಜಗತ್ತಿನಲ್ಲಿ ಸುಮಾರು 40,000 ಪ್ರಭೇದಗಳಿವೆ. ಎಲ್ಲ ಬಗೆಯ ಜೇನುಗಳನ್ನು ಕೂಡಿಸಿದರೂ ಸುಮಾರು 20,000. ನಮ್ಮ ಗೇಟಿನ ಅತಿಥಿ ಆಂಥಿಯಾ ಸೆಕ್ಸ್‌ಗುಟ್ಟಾಟಾ. ಹೆಸರಿನಲ್ಲೇ ಆರು ಚುಕ್ಕಿ ಇದೆ. 1775ರಲ್ಲಿ ಫ್ಯಾಬ್ರಿಶಿಯಸ್ ಎಂಬ ಡೆನ್ಮಾರ್ಕಿನ ಕೀಟತಜ್ಞ ಅದಕ್ಕೆ ಹೆಸರಿಟ್ಟ. ಬೆಂಗಳೂರಿನ ಸುತ್ತಲಿನ ಕುರುಚಲು ಕಾಡು, ಹುಲ್ಲುಗಾವಲು, ಒಣ ಹೊಲಗಳ ಬದಿ ಅದರ ಊರು. ಅಲ್ಲಿ ಈಗ ಲೇಔಟುಗಳಿವೆ.

ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಪ್ರಕೃತಿ ಎರಡು ಬೇರೆ ಬೇರೆ ಬದುಕನ್ನು ಎಷ್ಟು ಪಕ್ಕಾ ಆಗಿ ರೂಪಿಸಿದೆ ಎನ್ನುವುದು ಕಾಣುತ್ತದೆ. ಜೇನಿನ ಮೈತುಂಬ ರೋಮ, ಅದರಲ್ಲೂ ಕವಲೊಡೆದ ರೋಮ, ಪರಾಗ ಸಿಕ್ಕಿಕೊಳ್ಳಲೆಂದೇ. ನೆಲದ ದುಂಬಿಯ ಮೈ ಎಣ್ಣೆ ಸವರಿದ ಹಾಗೆ ನುಣುಪು, ಕಲ್ಲಿನ ಸಂದು ತರಗೆಲೆಯ ಸಂದುಗಳಲ್ಲಿ ನುಸುಳಲು. ಜೇನಿಗೆ ಮಕರಂದ ಹೀರುವ ಉದ್ದ ನಾಲಗೆ. ದುಂಬಿಗೆ ಕುಡುಗೋಲಿನಂಥ ದವಡೆ. ಜೇನು ಕುಡಿದದ್ದನ್ನು ಹೊಟ್ಟೆಯ ಮುಂದಿನ ಚೀಲದಲ್ಲಿ ತುಂಬಿಕೊಂಡು ಮನೆಗೆ ಒಯ್ಯುತ್ತದೆ. ದುಂಬಿಗಳಲ್ಲಿ ಬಹಳಷ್ಟು ಬೇಟೆಯ ಮೇಲೆ ಜೀರ್ಣರಸವನ್ನೇ ಕಕ್ಕಿ, ಮಾಂಸ ಕರಗಿದ ಮೇಲೆ ಹೀರುತ್ತವೆ. ಊಟದ ಹೊತ್ತಿನಲ್ಲಿ ಓದುತ್ತಿದ್ದರೆ ಕ್ಷಮಿಸಿ. ಇವುಗಳಲ್ಲಿ ಹಲವು ಒಂದು ದಿನಕ್ಕೆ ಹೆಚ್ಚುಕಡಿಮೆ ತಮ್ಮ ತೂಕದಷ್ಟೇ ತಿನ್ನಬಲ್ಲವು: ಕಂಬಳಿಹುಳು, ಸಿಂಬಳದ ಹುಳು, ಮಣ್ಣಿನಲ್ಲಿರುವ ಬೇರೆ ಕೀಟಗಳ ಮೊಟ್ಟೆ, ಮರಿ. ಕಳೆಯ ಬೀಜ ತಿನ್ನುವ ಜಾತಿಗಳೂ ಇವೆ.

ಮರಿಗಳಲ್ಲೂ ಇದೇ ವ್ಯತ್ಯಾಸ. ಜೇನುಮರಿಗೆ ಕಾಲಿಲ್ಲ, ಅದು ಕೋಣೆಯಲ್ಲಿ ಮಲಗಿರುತ್ತದೆ, ಉಣಿಸಲು ಆಳುಗಳಿದ್ದಾರೆ. ನೆಲದ ದುಂಬಿಯ ಮರಿ ಮೊಟ್ಟೆಯಿಂದ ಹೊರಬಂದ ದಿನದಿಂದಲೇ ಮಣ್ಣಿನಲ್ಲಿ ಒಂಟಿ ಬೇಟೆಗಾರ. ಹಾಗೆಂದು ಜೇನು ಹುಟ್ಟಾ ಸಾಧು ಎಂದುಕೊಳ್ಳಬೇಕಿಲ್ಲ. ಸುಮಾರು 12 ಕೋಟಿ ವರ್ಷಗಳ ಹಿಂದೆ ಹುಳ ಹಿಡಿದು ಮರಿಗೆ ಉಣಿಸುತ್ತಿದ್ದ ಕಣಜಗಳ ಒಂದು ಶಾಖೆ ಮಾಂಸ ಬಿಟ್ಟು ಪರಾಗಕ್ಕೆ ಹೊರಳಿತು, ಅದರ ಸಂತಾನವೇ ಇವತ್ತಿನ ಜೇನು. ಬೇಟೆಯಾಡುತ್ತಿದ್ದ ಮನೆತನ ಸಸ್ಯಾಹಾರಕ್ಕೆ ಬಂದದ್ದು, ಅಷ್ಟೆ.

ಈಗ ವಿಷಯಕ್ಕೆ ಬರೋಣ. ಜೇನು ಉಳಿಸಲು ತೋಟಗಾರಿಕೆಯವರು, ಕೃಷಿ ತಜ್ಞರು ಎಲ್ಲರೂ ಹೇಳುವ ಮೊದಲ ಮಾತು: ಔಷಧಿ ಹೊಡೆಯುವುದೇ ಆದರೆ ಸಂಜೆ ಹೊಡೆಯಿರಿ, ಜೇನುಗಳು ಗೂಡಿಗೆ ಹೋದ ಮೇಲೆ. ಇದು ಸರಿಯಾದ ಮಾತು. ಆದರೆ ನೆಲದ ದುಂಬಿಗಳಲ್ಲಿ ಬಹುಪಾಲು ನಿಶಾಚರಿಗಳು. ಹಗಲೆಲ್ಲ ಕಲ್ಲು, ಕುಂಡದ ಅಡಿ, ಎಲೆಯ ಕೆಳಗೆ ಅಡಗಿದ್ದು ಕತ್ತಲಾದಂತೆ ಹೊರಬರುತ್ತವೆ. ಸಂಜೆ ಆರೂವರೆಗೆ ಪಾರ್ಕಿನ ಕ್ರೋಟನ್ ಬೇಲಿಗೆ ಹೊಡೆದ ಔಷಧಿ ಎಲೆಯಿಂದ ನೆಲಕ್ಕೆ ತೊಟ್ಟಿಕ್ಕುವ ಹೊತ್ತಿಗೂ ಇವು ಕೆಲಸಕ್ಕೆ ಹೊರಡುವ ಹೊತ್ತಿಗೂ ಸರಿಯಾಗಿ ತಾಳೆಯಾಗುತ್ತದೆ. ಡೆಂಗಿ ಬಂದಾಗ ಬೀದಿಗೆ ಹೊಗೆ ಹೊಡೆಯುವುದೂ ಬಹಳಷ್ಟು ಸಲ ಸಂಜೆಯೇ. ಸೊಳ್ಳೆಗೆಂದು ಬಳಸುವ ಪೈರೆಥ್ರಾಯ್ಡ್ ಎಂಬ ಕೀಟನಾಶಕ ಸೊಳ್ಳೆ ಯಾವುದು ದುಂಬಿ ಯಾವುದು ಎಂದು ನೋಡುವುದಿಲ್ಲ. ಹೆಜ್ಜೇನಿಗೂ ಈ ಸಂಜೆಯ ನಿಯಮ ಪೂರ್ತಿ ಅನ್ವಯಿಸದು, ಬೆಳದಿಂಗಳ ರಾತ್ರಿಗಳಲ್ಲಿ ಅದು ಹೂವಿಗೆ ಹೋಗುತ್ತದೆ. ಬಾಲ್ಕನಿಯ ಟ್ಯೂಬ್‌ಲೈಟಿಗೆ ಸುತ್ತಿ ಸುತ್ತಿ ಬೆಳಗ್ಗೆ ನೆಲದ ಮೇಲೆ ಸತ್ತುಬಿದ್ದಿರುವ ಜೇನುಗಳನ್ನು ಗುಡಿಸಿದವರಿಗೆ ಇದು ಗೊತ್ತಿರುತ್ತದೆ.

ವಿಷ ಎರಡನ್ನೂ ತಲುಪುವ ದಾರಿಯೂ ಬೇರೆ. ನಿಯೋನಿಕೋಟಿನಾಯ್ಡ್ ಎಂಬ ಕೀಟನಾಶಕಗಳ ಗುಂಪಿದೆ, ನಮ್ಮ ಅಂಗಡಿಗಳಲ್ಲಿ ಸಿಗುವ ಇಮಿಡಾಕ್ಲೋಪ್ರಿಡ್ ಇದರದ್ದೇ. ಬೀಜಕ್ಕೆ ಲೇಪಿಸಿದರೂ ಗಿಡದ ಒಳಗೆಲ್ಲ ಹರಡುತ್ತದೆ, ಮಕರಂದ ಪರಾಗಗಳಿಗೂ ಬರುತ್ತದೆ, ಹಾಗೆ ಜೇನಿಗೆ ತಲುಪುತ್ತದೆ. ಈ ಕಾರಣಕ್ಕೇ ಐರೋಪ್ಯ ಒಕ್ಕೂಟ 2018ರಲ್ಲಿ ಇದರ ಮೂರು ರಾಸಾಯನಿಕಗಳನ್ನು ಬಯಲಿನಲ್ಲಿ ಬಳಸುವುದನ್ನು ನಿಷೇಧಿಸಿತು. ಆ ಚರ್ಚೆಯಲ್ಲೆಲ್ಲ ಮುಂದೆ ನಿಂತದ್ದು ಜೇನು. ಆದರೆ ಅದಕ್ಕೂ ಮುಂಚೆ, 2015ರಲ್ಲಿ, ಪೆನ್ಸಿಲ್ವೇನಿಯಾದ ಸಂಶೋಧಕರು ಸೋಯಾ ಹೊಲದಲ್ಲಿ ಇನ್ನೊಂದು ದಾರಿಯನ್ನು ಪತ್ತೆಹಚ್ಚಿದ್ದರು. ಬೀಜಕ್ಕೆ ಇದೇ ಗುಂಪಿನ ಔಷಧಿ ಲೇಪಿಸಿ ಬೆಳೆದ ಸೋಯಾ ಸಸಿಯನ್ನು ಸಿಂಬಳದ ಹುಳು ತಿಂದಿತು. ಅದಕ್ಕೆ ಏನೂ ಆಗಲಿಲ್ಲ, ಏಕೆಂದರೆ ಅದು ಕೀಟವೇ ಅಲ್ಲ, ಬಸವನಹುಳುವಿನ ಬಳಗ. ಆ ಸಿಂಬಳದ ಹುಳುವನ್ನು ನೆಲದ ದುಂಬಿ ತಿಂದಿತು. ಪ್ರಯೋಗಾಲಯದಲ್ಲಿ ಹಾಗೆ ತಿಂದ ದುಂಬಿಗಳಲ್ಲಿ ಶೇ. 60ಕ್ಕೂ ಹೆಚ್ಚು ಸತ್ತವು ಇಲ್ಲವೇ ಕೈಕಾಲು ಬಿದ್ದುಹೋದವು. ಹೊಲದಲ್ಲಿ ದುಂಬಿ ಕಡಿಮೆಯಾದ ಮೇಲೆ ಸಿಂಬಳದ ಹುಳು ಹೆಚ್ಚಿತು, ಸಸಿ ಹೋಯಿತು, ಇಳುವರಿ ಶೇ. 5ರಷ್ಟು ಇಳಿಯಿತು. ಬೆಳೆ ಕಾಯಲು ಹಾಕಿದ ಔಷಧಿ ಬೆಳೆ ಕಾಯುವವನನ್ನೇ ತೆಗೆಯಿತು. ಹೂವಿನ ಮೇಲೆ ಕೂರುವ ಜೀವವನ್ನಷ್ಟೇ ನೋಡುತ್ತಿದ್ದರೆ ಈ ಸರಪಣಿ ಯಾರಿಗೂ ಕಾಣುತ್ತಿರಲಿಲ್ಲ.

ನಮ್ಮೂರಿನಲ್ಲಿ ಇದಕ್ಕೆ ಹತ್ತಿರದ ಕಥೆ ಆಫ್ರಿಕನ್ ದೈತ್ಯ ಬಸವನಹುಳುವಿನದು. 1847ರಲ್ಲಿ ಕೋಲ್ಕತ್ತಕ್ಕೆ ಬಂದಿಳಿದ ಜೀವ ಇವತ್ತು ಬೆಂಗಳೂರಿನ ಮಳೆಗಾಲದ ಕಾಂಪೌಂಡುಗಳನ್ನು ಹತ್ತುತ್ತಿದೆ. ನಮ್ಮ ಬೀದಿಯಲ್ಲಿ ಅದಕ್ಕೆ ಮದ್ದು ಅಂದರೆ ಹರಳುಪ್ಪು. ಗಿಡದ ಬುಡಕ್ಕೇ ಸುರಿಯುತ್ತಾರೆ. ಬಸವನಹುಳು ಸಾಯುತ್ತದೆ ನಿಜ, ಜೊತೆಗೆ ಮಣ್ಣೂ ಕೆಡುತ್ತದೆ, ಬಸವನಹುಳುವಿನ ಮೊಟ್ಟೆ ಮರಿಗಳನ್ನು ಕಬಳಿಸಬಲ್ಲ ನೆಲದ ಬೇಟೆಗಾರರಿಗೂ ಅಲ್ಲಿ ನಿಲ್ಲಲು ಆಗುವುದಿಲ್ಲ. ಅಂಗೈಯಗಲ ಬೆಳೆದ ಬಸವನಹುಳುವನ್ನು ದುಂಬಿ ಮುಗಿಸಿಬಿಡುತ್ತದೆ ಎಂದು ನಾನು ಹೇಳುತ್ತಿಲ್ಲ, ಅದನ್ನು ಕೈಯಿಂದಲೇ ಆಯಬೇಕು.

ಕೀಟವನ್ನು ಕೀಟದಿಂದಲೇ ಹಿಡಿಯುವ ವಿದ್ಯೆ ಬೆಂಗಳೂರಿಗೆ ಹೊಸದಲ್ಲ ಎನ್ನುವುದು ಇದರ ತಮಾಷೆ. ಹೆಬ್ಬಾಳದಲ್ಲಿ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋ ಇದೆ. 2010ರ ಸುಮಾರಿಗೆ ಪಪ್ಪಾಯಿ, ರೇಷ್ಮೆ, ಮರಗೆಣಸು ಬೆಳೆದ ದಕ್ಷಿಣದ ರೈತರನ್ನು ಪಪ್ಪಾಯಿಯ ಹಿಟ್ಟು ತಿಗಣೆ ಕಣ್ಣೀರು ಹಾಕಿಸಿದಾಗ, ಪೋರ್ಟೊರಿಕೊದಿಂದ ಪುಟ್ಟ ಕಣಜವೊಂದನ್ನು ತರಿಸಿ, ಬೆಳೆಸಿ, ಹಂಚಿದ್ದು ಈ ಸಂಸ್ಥೆಯೇ. ತಿಗಣೆ ತಗ್ಗಿತು. ಅಮೆರಿಕದವರು 1905ರ ಹೊತ್ತಿಗೇ ಮರ ಬೋಳಿಸುವ ಪತಂಗದ ಹುಳುವಿಗೆ ಯುರೋಪಿನಿಂದ ಒಂದು ನೆಲದ ದುಂಬಿಯನ್ನು, ಕ್ಯಾಲೊಸೋಮಾ ಎಂಬುದನ್ನು, ತರಿಸಿ ಬಿಟ್ಟಿದ್ದರು. ಸೀಸೆಯಲ್ಲಿ ಬಂದರೆ ಮಿತ್ರಕೀಟ, ತಾನಾಗಿ ಗೇಟಿನ ಹತ್ತಿರ ಬಂದರೆ ಚಪ್ಪಲಿ.

ಜೇನಿಗೆ ಸಿಕ್ಕ ಮರ್ಯಾದೆಗೆ ಕಾರಣಗಳಿವೆ, ಇಲ್ಲವೆನ್ನಲಾಗದು. ತುಪ್ಪ ಕೊಡುತ್ತದೆ, ಹಗಲು ಹಾರುತ್ತದೆ, ಕಣ್ಣಿಗೆ ಬೀಳುತ್ತದೆ. ಮೇ 20 ವಿಶ್ವ ಜೇನು ದಿನ. ಕೇಂದ್ರ ಸರ್ಕಾರ 2020ರಲ್ಲಿ ಜೇನು ಸಾಕಣೆಗೆ 500 ಕೋಟಿ ರೂಪಾಯಿ ಘೋಷಿಸಿತು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ ಜೇನು ಸಾಕಣೆಯ ತರಬೇತಿ ಸಿಗುತ್ತದೆ. ಅಲ್ಲಿ ಕಲಿತು ತಾರಸಿಯಲ್ಲಿ ತುಡುವೆ ಜೇನಿನ ಪೆಟ್ಟಿಗೆ ಇಟ್ಟ ಪರಿಚಯದವರು ನನಗೇ ಇಬ್ಬರಿದ್ದಾರೆ. 1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ದಕ್ಷಿಣದ ತುಡುವೆ ಕುಟುಂಬಗಳಲ್ಲಿ ಬಹುಪಾಲನ್ನು ಅಳಿಸಿಹಾಕಿತ್ತು. ಅಲ್ಲಿಂದ ಎದ್ದುಬಂದ ಜೀವಕ್ಕೆ ತಾರಸಿಯಲ್ಲಿ ಜಾಗ ಸಿಕ್ಕರೆ ಸಂತೋಷವೇ. ಆದರೆ ಒಂದು ಪೆಟ್ಟಿಗೆ ಇಟ್ಟು ಜೇನು ಸಂಕುಲ ಉಳಿಸಿದೆ ಎನ್ನುವುದು ಕೊಟ್ಟಿಗೆಯಲ್ಲಿ ಎಮ್ಮೆ ಕಟ್ಟಿ ಕಾಟಿ ಉಳಿಸಿದೆ ಅಂದ ಹಾಗೆ. ಹೆಜ್ಜೇನು, ತುಡುವೆ, ಕೋಲುಜೇನು, ಮುಜಂಟಿ ಇವೆಲ್ಲ ಕುಟುಂಬ ಕಟ್ಟುವ ಜೇನುಗಳು, ಕೈಬೆರಳಲ್ಲಿ ಎಣಿಸಬಹುದು. ನಮ್ಮಲ್ಲಿ ಉಳಿದ ನೂರಾರು ಬಗೆಗಳಲ್ಲಿ ಬಹುಪಾಲು ಒಂಟಿ. ತುಪ್ಪವಿಲ್ಲ, ರಾಣಿಯಿಲ್ಲ, ಪೆಟ್ಟಿಗೆಗೆ ಬರುವುದಿಲ್ಲ.

ಈ ಲೇಖನ ಬರೆಯಲು ಕೂತಾಗ ಮೇಲಿನದಕ್ಕೆ ಜೇನು, ಕೆಳಗಿನದಕ್ಕೆ ದುಂಬಿ ಎಂದು ಗೆರೆ ಎಳೆದುಕೊಂಡಿದ್ದೆ. ಆ ಗೆರೆ ನಿಲ್ಲಲಿಲ್ಲ. ಜಗತ್ತಿನ ಜೇನು ಪ್ರಭೇದಗಳಲ್ಲಿ ಸುಮಾರು ಶೇ. 70 ಗೂಡು ಮಾಡುವುದು ಮಣ್ಣಿನೊಳಗೆ. ನಮ್ಮ ಕೈತೋಟಗಳಲ್ಲಿ ಬದನೆ, ಟೊಮೆಟೊ ಹೂವಿಗೆ ನೇತುಬಿದ್ದು ಗುಂಯ್ ಎಂದು ಮೈ ನಡುಗಿಸಿ ಪರಾಗ ಉದುರಿಸಿಕೊಳ್ಳುವ ನೀಲಿ ಪಟ್ಟೆಯ ಜೇನನ್ನು ನೋಡಿರಬಹುದು. ಈ ಕೆಲಸ ತುಡುವೆಗೆ ಬಾರದು. ಆ ನೀಲಿ ಪಟ್ಟೆಯದಕ್ಕೆ ಬೇಕಾದದ್ದು ಒಂದಿಷ್ಟು ಒಣ ಮಣ್ಣು, ಮಣ್ಣಿನ ಗೋಡೆ, ಕೆಮ್ಮಣ್ಣಿನ ದಿಬ್ಬ. ಹೂವಿನ ಕುಂಡ ನೂರು ಇಟ್ಟರೂ ಕಾಂಪೌಂಡಿನ ನೆಲವನ್ನೆಲ್ಲ ಪೇವರ್ ಬ್ಲಾಕಿನಿಂದ ಮುಚ್ಚಿದ ಮೇಲೆ ಅದು ಊಟಕ್ಕೆ ಬರಬಹುದು, ಮನೆ ಮಾಡಲಾರದು. ಅಂದರೆ ನೆಲದ ದುಂಬಿಯ ಕಷ್ಟ ಮತ್ತು ಬಹುಪಾಲು ಜೇನುಗಳ ಕಷ್ಟ ಒಂದೇ. ಹೆಜ್ಜೇನಿನ ಎತ್ತರದ ಗೂಡನ್ನೇ ನೋಡುತ್ತ ನಾವು ಅದನ್ನು ಗಮನಿಸಲಿಲ್ಲ.

ವ್ಯತ್ಯಾಸ ಉಳಿಯುವುದು ದೂರದ ಲೆಕ್ಕದಲ್ಲಿ. ಹೆಜ್ಜೇನು ಹೂವಿಗಾಗಿ ಹಲವು ಕಿಲೋಮೀಟರ್ ಹೋಗಬಲ್ಲದು. ಹೆಬ್ಬಾಳದ ಫ್ಲೈಓವರ್ ಅದಕ್ಕೆ ಲೆಕ್ಕಕ್ಕಿಲ್ಲ. ಮಾರ್ಚ್, ಏಪ್ರಿಲ್‌ನಲ್ಲಿ ಒಂದು ಬಡಾವಣೆಯ ಹೊಂಗೆ ಉದುರಿದರೆ ಇನ್ನೊಂದರ ನೇರಳೆ ಸಿಗುತ್ತದೆ. ಆರು ಚುಕ್ಕಿಯ ದುಂಬಿಗೆ ರೆಕ್ಕೆಯ ಚಿಪ್ಪು ಇದೆ, ಹಾರಾಟವಿಲ್ಲ. ನಾಲ್ಕು ಪಥದ ರಸ್ತೆ, ನಡುವೆ ಒಂದೂವರೆ ಅಡಿಯ ಕಾಂಕ್ರೀಟ್ ವಿಭಜಕ, ಎರಡು ಕಡೆ ಪೆಟ್ಟಿಗೆ ಚರಂಡಿ: ಅದರ ಪಾಲಿಗೆ ಇದು ಸಮುದ್ರ. ಹಾಗಾಗಿ ಜೇನಿಗೆ ಊರ ತುಂಬ ಚದುರಿದ ಮರಗಳು ಸಾಕಾಗಬಹುದು, ದುಂಬಿಗೆ ಆ ತುಂಡು ನೆಲವೇ ಜಗತ್ತು. ಅಲ್ಲಿ ಒಮ್ಮೆ ಅಳಿದರೆ ಪಕ್ಕದ ಪಾರ್ಕಿನಿಂದ ಬಂದು ತುಂಬಿಕೊಳ್ಳುವವರಿಲ್ಲ. ಹೆಸರಘಟ್ಟದ ಹುಲ್ಲುಗಾವಲನ್ನು ಸಂರಕ್ಷಿತ ಪ್ರದೇಶ ಮಾಡಬೇಕೆಂದು ಇಷ್ಟು ವರ್ಷ ಹೋರಾಡಿದವರನ್ನು "ಖಾಲಿ ಬಯಲಲ್ಲಿ ಏನಿದೆ?" ಎಂದು ಕೇಳಿದವರಿದ್ದರು. ರಾತ್ರಿ ಟಾರ್ಚ್ ಹಿಡಿದು ಹೋಗಿದ್ದರೆ ಕೇಳುತ್ತಿರಲಿಲ್ಲ.

ಇನ್ನು ತರಗೆಲೆ. ಚಳಿಗಾಲ ಕಳೆದು ಬೇಸಿಗೆಗೆ ಹೊರಳುವಾಗ ಬೆಂಗಳೂರಿನ ಬೀದಿಗಳಲ್ಲಿ ಬೆಳಗ್ಗೆ ಆರಕ್ಕೆ ಒಂದು ಹೊಗೆ ಇರುತ್ತಿತ್ತು. ಈಗ ಕಡಿಮೆಯಾಗಿದೆ, 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಬೀದಿಯಲ್ಲಿ ಕಸ ಸುಡುವುದನ್ನು ನಿಷೇಧಿಸಿದ್ದವು. ಆದರೆ ಸುಡದೇ ಇರುವುದು ಬೇರೆ, ಇರಗೊಡುವುದು ಬೇರೆ. ಮರದಡಿಯ ಎಲೆಯನ್ನು ಕೆಂಪು ಮಣ್ಣು ಕಾಣುವವರೆಗೆ ಕೆರೆದು ಗುಡಿಸಿದರೇನೇ ಕೆಲಸ ಮಾಡಿದಂತೆ ಎಂದು ನಾವೇ ಪೌರಕಾರ್ಮಿಕರಿಗೆ, ಮಾಲಿಗಳಿಗೆ ಕಲಿಸಿಟ್ಟಿದ್ದೇವೆ. ಅವರದೇನೂ ತಪ್ಪಿಲ್ಲ. ಎರಡಂಗುಲ ತರಗೆಲೆಯ ಕೆಳಗೆ ತೇವ ಇರುತ್ತದೆ, ದುಂಬಿಯ ಬೇಟೆ ಇರುತ್ತದೆ, ಮರಿ ಕೋಶ ಕಟ್ಟುವ ಮೆದು ಮಣ್ಣು ಇರುತ್ತದೆ. ಗುಡಿಸಿದ ನೆಲ ಮೂರು ದಿನದ ಬಿಸಿಲಿಗೆ ಇಟ್ಟಿಗೆಯಾಗುತ್ತದೆ. ಮರದ ಬುಡಕ್ಕೆ ಕಾಂಕ್ರೀಟ್ ಒತ್ತುವುದಂತೂ ಹೇಳಿ ಪ್ರಯೋಜನವಿಲ್ಲ. ದೆಹಲಿಯ ಮರಗಳ ವಿಷಯದಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲೇ ಬುಡದ ಸುತ್ತ ಒಂದು ಮೀಟರ್ ಬಿಡಬೇಕೆಂದಿತ್ತು. ನಮ್ಮ ಬೀದಿಯ ಹೊಂಗೆಗೆ ಒಂದು ಗೇಣೂ ಬಿಟ್ಟಿಲ್ಲ.

ಕಾಣದ್ದನ್ನು ಯಾರೂ ಉಳಿಸುವುದಿಲ್ಲವೆಂದು ನಾನೊಂದು ಸಣ್ಣ ಕೆಲಸ ಮಾಡಿದೆ. ಕೀಟ ಅಧ್ಯಯನ ಮಾಡುವವರ ಹಳೆಯ ಉಪಾಯ ಅದು. ಕಾಫಿಯ ಪೇಪರ್ ಕಪ್ಪೊಂದನ್ನು, ಬಾಯಿ ನೆಲಕ್ಕೆ ಸಮನಾಗಿ ಬರುವಂತೆ, ಹಿತ್ತಲಿನ ದಾಸವಾಳದ ಕೆಳಗೆ ಹೂತು, ಮಳೆ ಬೀಳದಂತೆ ಮೇಲೊಂದು ಹೆಂಚಿನ ಚೂರನ್ನು ಕಲ್ಲಿನ ಮೇಲೆ ನಿಲ್ಲಿಸಿದೆ. ರಾತ್ರಿ ನಡೆದಾಡುವವು ಬೀಳುತ್ತವೆ, ಏರಲಾರವು. ಬೆಳಗ್ಗೆ ನೋಡಿದರೆ ಏಳು ಇರುವೆ, ಒಂದು ಮರಿ ಜಿರಲೆ, ಒಂದು ಜೇಡ, ಮತ್ತು ಅಕ್ಕಿಕಾಳಿಗಿಂತ ತುಸು ದೊಡ್ಡದಾದ, ಹೊಳೆಯುವ ಎರಡು ಕಪ್ಪು ದುಂಬಿ. ಅವುಗಳ ಹೆಸರು ಹೇಳುವ ವಿದ್ಯೆ ನನ್ನಲ್ಲಿಲ್ಲ. ಅದೇ ಕಪ್ಪನ್ನು ಗೇಟಿನ ಪಕ್ಕದ ಲಾನಿನಲ್ಲಿ, ವಾರಕ್ಕೊಮ್ಮೆ ಕತ್ತರಿಸಿ ತಿಂಗಳಿಗೊಮ್ಮೆ ಔಷಧಿ ಹೊಡೆಯುವ ಕಡೆ, ನಾಲ್ಕು ರಾತ್ರಿ ಇಟ್ಟೆ. ಇರುವೆ ಬಿದ್ದವು, ದುಂಬಿ ಒಂದೂ ಬೀಳಲಿಲ್ಲ. ನಾಲ್ಕು ರಾತ್ರಿಯ ಲೆಕ್ಕ ಸಂಶೋಧನೆಯಲ್ಲ, ಗೊತ್ತು. ಆದರೂ ಕಪ್ಪನ್ನು ನೋಡಿದ ಮಕ್ಕಳಿಗೆ ಸಾಕಷ್ಟು ಅರ್ಥವಾಯಿತು.

ಅದನ್ನೇ ಹಿಡಿದು ಅಸೋಸಿಯೇಷನ್ ಸಭೆಯಲ್ಲಿ ಕೇಳಿದೆ: ಹಿಂದಿನ ಗೋಡೆಯುದ್ದಕ್ಕೂ ನಾಲ್ಕಡಿ ಅಗಲದ ಪಟ್ಟಿಯನ್ನು ಬಿಡೋಣ. ಪೇವರ್ ಬೇಡ, ಔಷಧಿ ಬೇಡ, ಎಲೆ ಗುಡಿಸುವುದು ಬೇಡ. ಖಜಾಂಚಿಯವರು ಕನ್ನಡಕ ತೆಗೆದು, "ಎಲೆ ಬಿಟ್ರೆ ಹಾವು ಬರಲ್ವೇನ್ರಿ?" ಅಂದರು. ನಗುವ ಪ್ರಶ್ನೆಯಲ್ಲ ಅದು. ನಮ್ಮ ಕಡೆ ನಾಗರ, ಕೇರೆ, ಮಂಡಲ ಎಲ್ಲ ಇವೆ, ಆಡುವ ಮಕ್ಕಳೂ ಇದ್ದಾರೆ. ಹಾವು ಬರುವುದು ಇಲಿಗೆ, ಇಲಿ ಬರುವುದು ಕಸದ ತೊಟ್ಟಿಗೆ ಎಂದೆ. ಎಲೆಯನ್ನು ಗುಡ್ಡೆ ಹಾಕಬಾರದು, ಪೊದೆಯಡಿ ಎರಡಂಗುಲ ಹರಡಿದ್ದರೆ ಸಾಕು, ಓಡಾಡುವ ದಾರಿಯಿಂದ ದೂರ ಇರಲಿ ಎಂದೂ ಸೇರಿಸಿದೆ. ಮೇಲ್ಮನೆಯ ಅಜ್ಜಿ, ಅದುವರೆಗೆ ಸುಮ್ಮನಿದ್ದವರು, "ನಮ್ಮ ತೋಟದಲ್ಲಿ ದರಗು ಹೊತ್ತು ತಂದು ಅಡಿಕೆ ಬುಡಕ್ಕೆ ಹಾಕ್ತಿದ್ವಿ, ಇಲ್ಲಿ ಬಿದ್ದಿದ್ದನ್ನ ದುಡ್ಡು ಕೊಟ್ಟು ಹೊರಗೆ ಹಾಕ್ತೀರಿ" ಅಂದರು. ನಾಲ್ಕಡಿ ಕೇಳಿದ್ದಕ್ಕೆ ಎರಡೂವರೆ ಅಡಿ ಒಪ್ಪಿದರು, ಮಳೆಗಾಲ ಮುಗಿಯುವವರೆಗೆ. ಪೇವರ್ ಬ್ಲಾಕಿನ ಕೊಟೇಶನ್ ಇನ್ನೂ ಫೈಲಿನಲ್ಲೇ ಇದೆ.